ಚಿಕ್ಕಮ್ಮನ ಕಾರ್ಡು, ಗುವಾಹಟಿಯ ಗೆಳತಿ

ಬ್ಯಾಂಕುಗಳ ಮುಂದೆ ನಿಂತು ಧಿಕ್ಕಾರ ಕೂಗುವವನು ನಾನು. ಆದರೆ ಈಚೆಗೆ ಕೂಗುವುದಕ್ಕಿಂತ ಬ್ಯಾಂಕಿನವರು ಕಳಿಸಿದ್ದನ್ನು ಜನಕ್ಕೆ ಓದಿ ಹೇಳುವ ಕೆಲಸವೇ ಹೆಚ್ಚಾಗಿದೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸಿಗೆ ನಿಂತರೆ ಸಾಕು, ಯಾರಾದರೊಬ್ಬರು ಮೊಬೈಲನ್ನು ಮುಖಕ್ಕೆ ಹಿಡಿದು "ಅಣ್ಣಾ, ಇದೇನು ನೋಡಿ" ಅನ್ನುತ್ತಾರೆ. ಗೌರಿಬಿದನೂರಿನ ಒಂದು ಮದುವೆಯಲ್ಲಂತೂ ಬಾಸಿಂಗ ಕಟ್ಟಿಕೊಂಡಿದ್ದ ಗಂಡೇ ನನ್ನನ್ನು ಪಕ್ಕಕ್ಕೆ ಕರೆದು, "ಛತ್ರದ ಬಾಡಿಗೆ ಕಾರ್ಡಲ್ಲಿ ಉಜ್ಜಿದ್ದೀನಿ, ಯಾವತ್ತು ಕಟ್ಟಬೇಕು?" ಎಂದು ಕೇಳಿದ. "ಮೊದಲು ತಾಳಿ ಕಟ್ಟಪ್ಪ, ಅದಕ್ಕೆ ಟೈಮ್ ಕಮ್ಮಿ ಇದೆ" ಅಂದೆ.

ನನಗೆ ಇದನ್ನು ಯಾವ ಶಾಲೆಯೂ ಕಲಿಸಲಿಲ್ಲ. ಬಡವರಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಷರತ್ತು ಬರೆಯುವವರ ಮೇಲಿನ ಸಿಟ್ಟಿಗೆ ನಾನೇ ಓದಿ ಕಲಿತೆ. ಕಲಿತದ್ದನ್ನೆಲ್ಲ ಪರೀಕ್ಷೆಗೆ ಹಚ್ಚಿದವಳು ಮಾತ್ರ ದಿಬ್ಬೂರಹಳ್ಳಿಯ ನಮ್ಮ ಚಿಕ್ಕಮ್ಮ.

೧. ಸಹಿ

ಚಿಕ್ಕಮ್ಮ ರೇಷ್ಮೆಹುಳು ಸಾಕುತ್ತಾಳೆ. ಅವಳಿಗೊಬ್ಬಳು ಗೆಳತಿ. ಪಕ್ಕದ ಮನೆಯವಳು, ಹಿಪ್ಪುನೇರಳೆ ಹಣ್ಣು ತಿಂದು ಇಬ್ಬರೂ ಒಟ್ಟಿಗೆ ನಾಲಿಗೆ ಕಪ್ಪು ಮಾಡಿಕೊಂಡು ಬೆಳೆದವರು. ಅವಳು ನರ್ಸ್ ಆಗಿ ಗುವಾಹಟಿಗೆ ಹೋಗಿ ಅಲ್ಲಿಯವರನ್ನೇ ಮದುವೆಯಾದಳು. ತಾಯಿ ತೀರಿಕೊಂಡಾಗ ಬಂದುಹೋದದ್ದೇ ಕೊನೆ. ಈಗ ಪ್ರತಿ ಭಾನುವಾರ ಸಂಜೆ ಫೋನು. ಮನೆಮಾತು ತೆಲುಗು, ಹಾಗಾಗಿ ಆ ಕಡೆಯಿಂದ ಮೊದಲ ಮಾತೇ "ಎಪ್ಪುಡೊಸ್ತಾವೆ?" ಯಾವಾಗ ಬರ್ತೀಯೇ ಅಂತ. ಈ ಕಡೆಯಿಂದ, "ಈ ಬೆಳೆ ಒಂದು ಆಗ್ಲಿ ಕಣೇ." ಎಷ್ಟೋ ಬೆಳೆ ಆದವು. ಅಷ್ಟರಲ್ಲಿ ಚಿಕ್ಕಮ್ಮನ ಮಂಡಿ ಹೋಯಿತು. ದಿನಗಟ್ಟಲೆ ರೈಲಿನಲ್ಲಿ ಕೂರುವ ಮಾತೇ ಇಲ್ಲ.

ಒಮ್ಮೆ ಶಿಡ್ಲಘಟ್ಟದ ಬ್ಯಾಂಕಿಗೆ ಡಿಪಾಸಿಟ್ ಇಡಲು ಹೋದಾಗ ಅಲ್ಲಿಯ ಹುಡುಗಿ, "ಡಿಪಾಸಿಟ್ ಮೇಲೆ ಕ್ರೆಡಿಟ್ ಕಾರ್ಡ್ ಕೊಡ್ತೀವಿ ಆಂಟಿ. ಖರ್ಚು ಮಾಡಿದ್ರೆ ಪಾಯಿಂಟು ಬರತ್ತೆ, ಪಾಯಿಂಟಲ್ಲಿ ವಿಮಾನದ ಟಿಕೆಟ್ಟೂ ತಗೋಬಹುದು" ಅಂದಳು.

ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಗುವಾಹಟಿಗೆ ಹೋಗುತ್ತಾ?"

ವಿಷಯ ತಿಳಿದು ನಾನು ದಿಬ್ಬೂರಹಳ್ಳಿಗೆ ಓಡಿದೆ. "ಓದದೆ ಸಹಿ ಹಾಕ್ತಾರಾ ಚಿಕ್ಕಮ್ಮ?" ಎಂದು ರೇಗಿದೆ.

"ನೀನು ಅಷ್ಟೊಂದು ಓದಿ ಎಲ್ಲಿಗೆ ಹೋದೆಯಪ್ಪಾ? ಚಿಂತಾಮಣಿ ದಾಟಿದ್ದೀಯಾ?"

೨. ಚಿಟ್ಟೆ

ಬಿಲ್ಲು ಹದಿನೈದಕ್ಕೆ ಬರುತ್ತದೆ, ಕಟ್ಟಲು ಮುಂದಿನ ತಿಂಗಳ ಐದರವರೆಗೆ ಸಮಯವಿದೆ. ಇಷ್ಟನ್ನು ಹೇಳಲು ನಾನು ಗಂಟಲು ಹರಿದುಕೊಂಡೆ. ಚಿಕ್ಕಮ್ಮನದು ಒಂದೇ ವಾದ. "ದುಡ್ಡು ಬೇಕು ಅಂತ ಕೇಳಿ, ಆಮೇಲೆ ಕೊಡು ಅಂದ್ರೆ ಅದರಲ್ಲೇನೋ ಐತೆ."

ಕೊನೆಗೆ ತಟ್ಟೆಯಲ್ಲಿದ್ದ ಹುಳುಗಳನ್ನೇ ತೋರಿಸಿದೆ. "ನೋಡು, ಹುಳು ಸೊಪ್ಪು ತಿನ್ನೋ ದಿನಗಳು ಅಂದ್ರೆ ನೀನು ಕಾರ್ಡು ಉಜ್ಜೋ ದಿನಗಳು. ಗೂಡು ಕಟ್ಟಿ ಮುಗಿಸ್ತಲ್ಲ, ಅದು ಬಿಲ್ಲು. ಆಮೇಲೆ ಉಜ್ಜಿದ್ದೆಲ್ಲ ಮುಂದಿನ ಬೆಳೆ ಲೆಕ್ಕ. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಕ್ಕೆ ಒಂದಷ್ಟು ದಿನ ಟೈಮ್ ಕೊಡ್ತಾರೆ. ತಡ ಮಾಡಿದ್ರೆ ಏನಾಗುತ್ತೆ?"

"ಚಿಟ್ಟೆ ತೂತು ಹೊಡ್ಕೊಂಡು ಆಚೆ ಬರುತ್ತೆ. ಗೂಡು ಹಾಳು."

"ಆ ಚಿಟ್ಟೆನೇ ಬಡ್ಡಿ."

ಚಿಕ್ಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟಕ್ಕೆ ಅಷ್ಟೊಂದು ಕಿರುಚಿದ್ಯಾ? ಹುಳು ಪೊರೆ ಬಿಡಕ್ಕೆ ಜ್ವರಕ್ಕೆ ಕೂತವೆ ಕಣೋ, ಕಿರುಚೋದಿದ್ರೆ ಬೀದಿಗೆ ಹೋಗು. ಹೆಂಗೂ ನಿನಗೆ ಅಭ್ಯಾಸ ಐತೆ."

೩. ಬೆಲೆ ಇಳಿಸಬೇಡಿ

ಒಬ್ಬಳ ಖರ್ಚಿಗೆ ಎಷ್ಟು ಪಾಯಿಂಟು ಬಂದೀತು? ಊರಿನಲ್ಲಿ ಯಾರು ಸಾಮಾನು ಕೊಳ್ಳಲು ಹೊರಟರೂ ಚಿಕ್ಕಮ್ಮ ಹಿಂದೆಯೇ ಹೊರಡತೊಡಗಿದಳು. ಕಾರ್ಡು ಅವಳದು, ನಗದು ಅವರದು. ನಗದು ಕೈಗೆ ಬೀಳುವ ತನಕ ಕಾರ್ಡು ಸೊಂಟದ ಚೀಲದಿಂದ ಹೊರಗೆ ಬರುತ್ತಿರಲಿಲ್ಲ.

ಹೊಸದಾಗಿ ಮದುವೆಯಾದ ಜೋಡಿಯೊಂದು ಚಿಂತಾಮಣಿಯಲ್ಲಿ ಫ್ರಿಜ್ಜು ತೆಗೆದುಕೊಳ್ಳಲು ಹೋಯಿತು. ಜೊತೆಗೆ ಚಿಕ್ಕಮ್ಮ. ಅಂಗಡಿಯವನು ಖುಷಿಯಿಂದ, "ಕ್ಯಾಶ್ ಆದ್ರೆ ಒಂದು ಸಾವಿರ ಬಿಡ್ತೀನಿ" ಅಂದ. ಗಂಡು ಜೇಬಿಗೆ ಕೈ ಹಾಕಿದ. ಚಿಕ್ಕಮ್ಮ ಆ ಕೈ ಹಿಡಿದುಕೊಂಡು ಅಂಗಡಿಯವನ ಮೇಲೆ ಬಿದ್ದಳು. "ಯಾರಯ್ಯಾ ನಿನ್ನ ಬಿಡು ಅಂದೋರು? ಹಾಕಿರೋ ರೇಟ್ ಹಾಕು!"

ಬೆಲೆ ಇಳಿಸಬೇಡ ಎಂದು ಜಗಳವಾಡಿದ ಗಿರಾಕಿಗೆ ಅಂಗಡಿಯವನು ಕುರ್ಚಿ ಹಾಕಿಸಿ ಕಾಫಿ ತರಿಸಿದ. ಜೋಡಿಗೆ ನೀರೂ ಇಲ್ಲ.

೪. ಶುಕ್ರವಾರ

ಒಂದು ತಿಂಗಳು ಕಟ್ಟುವ ಕೊನೆಯ ದಿನ ಶುಕ್ರವಾರ ಬಿತ್ತು. ಬೆಳಿಗ್ಗೆಯೇ ಫೋನ್ ಮಾಡಿದೆ.

"ಶುಕ್ರವಾರ ಮನೆ ಲಕ್ಷ್ಮೀನ ಆಚೆ ಕಳಿಸ್ತಾರೇನೋ?" ಅಂದಳು.

"ದುಡ್ಡು ಬ್ಯಾಂಕಲ್ಲಿದೆ ಚಿಕ್ಕಮ್ಮ, ಮೊಬೈಲಲ್ಲಿ ಕಟ್ಟೋದು. ಲಕ್ಷ್ಮಿ ಬಾಗಿಲು ದಾಟೋದೇ ಇಲ್ಲ!"

"ಮೊಬೈಲು ಮನೇಲೇ ತಾನೇ ಇರೋದು?"

ಶನಿವಾರ ಕೊಟ್ಟರೆ ಶನಿ ಬೆನ್ನು ಹತ್ತುತ್ತಾನೆ. ಭಾನುವಾರ ಬ್ಯಾಂಕಿಗೆ ರಜ. ಸೋಮವಾರ ಗೂಡಿನ ಮಾರ್ಕೆಟ್ಟು. ಮಂಗಳವಾರ ಮತ್ತೆ ಲಕ್ಷ್ಮಿ ಹೊರಡುವಂತಿಲ್ಲ. ಬುಧವಾರ ಕಟ್ಟಿದಳು. ಅಷ್ಟರಲ್ಲಿ ಚಿಟ್ಟೆ ಹಾರಿಯಾಗಿತ್ತು. ದಂಡ, ಬಡ್ಡಿ, ಮೇಲೆ ಆ ತಿಂಗಳ ಪಾಯಿಂಟೂ ಇಲ್ಲ.

ದಂಡಕ್ಕೆ ಚಿಕ್ಕಮ್ಮ ಕೊರಗಲಿಲ್ಲ. ಪಾಯಿಂಟು ಹೋಯಿತೆಂದಾಗ ಮಾತ್ರ ಸೊಪ್ಪು ಹೆಚ್ಚುತ್ತಿದ್ದ ಕೈ ನಿಂತಿತು. ಆ ಭಾನುವಾರ ಗುವಾಹಟಿಯಿಂದ "ಎಪ್ಪುಡೊಸ್ತಾವೆ?" ಎಂದು ಬಂದಾಗ, "ಸಿಗ್ನಲ್ ಇಲ್ಲ ಕಣೇ" ಎಂದು ಫೋನಿಟ್ಟಳು. ಸಿಗ್ನಲ್ ಚೆನ್ನಾಗಿಯೇ ಇತ್ತು. ದೇವರು ದಿಂಡರ ಮೇಲೆ ಬಾಯಿಗೆ ಬಂದದ್ದು ಹೇಳಬೇಕೆಂದೇ ಬಂದಿದ್ದ ನಾನು ಅದನ್ನು ಬಿಟ್ಟು ಗೋಡೆಯ ಕ್ಯಾಲೆಂಡರ್ ತಿರುವಿದೆ.

"ಇನ್ಮೇಲೆ ಗುರುವಾರವೇ ಕಟ್ಟಿಬಿಡು. ಗುರುವಾರ ಒಳ್ಳೇ ದಿನ" ಅಂದೆ.

ಚಿಕ್ಕಮ್ಮ ಕಣ್ಣೊರೆಸಿಕೊಂಡಳು. "ನಿನ್ನ ಬಾಯಲ್ಲಿ ಒಳ್ಳೇ ದಿನ ಅಂತ ಕೇಳಕ್ಕೆ ಒಂದು ತಿಂಗಳ ಪಾಯಿಂಟು ಖರ್ಚಾಯ್ತು ನೋಡು."

೫. ಮಿನಿಮಮ್

ಬಿಲ್ಲಿನಲ್ಲಿ "ಮಿನಿಮಮ್" ಎಂಬ ಚಿಕ್ಕ ಮೊತ್ತ ಇರುತ್ತದೆ. ಇಷ್ಟು ಕಟ್ಟಿದರೆ ಸಾಕು ಎಂದು ನಗುವ ಮೊತ್ತ. ಅದನ್ನು ನಂಬಿದವನು ಉಳಿದದ್ದಕ್ಕೆ ಬಡ್ಡಿ ಕಟ್ಟುತ್ತಲೇ ಇರಬೇಕು. ಅದು ರಿಯಾಯಿತಿಯಲ್ಲ, ಗಾಳ. ಇದನ್ನು ಚಿಕ್ಕಮ್ಮನಿಗೆ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದೆ.

ಶುಕ್ರವಾರದ ಪೆಟ್ಟಿನ ನಂತರ ಅವಳು ಬಿಲ್ಲು ಬರುವ ಮೊದಲೇ ಕಟ್ಟತೊಡಗಿದಳು. ಅದೂ ಒಂದಿಷ್ಟು ಮೇಲೆಯೇ. ಒಂದು ತಿಂಗಳು ಬಿಲ್ಲು ಉಲ್ಟಾ ಬಂತು. ಕಾರ್ಡಿನವರೇ ಅವಳಿಗೆ ನಾನೂರು ಚಿಲ್ಲರೆ ಕೊಡಬೇಕು.

ಚಿಕ್ಕಮ್ಮ ಕೂಡಲೇ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದಳು. "ಏನಪ್ಪಾ, ನನ್ನ ದುಡ್ಡು ಕೊಡಕ್ಕೆ ನಿಮಗೆ ಲಾಸ್ಟ್ ಡೇಟ್ ಯಾವತ್ತು?"

"ಅದು ನಿಮ್ಮ ಮುಂದಿನ ಬಿಲ್ಲಿಗೆ ಅಡ್ಜಸ್ಟ್ ಆಗತ್ತೆ ಮೇಡಂ. ನಮಗೆ ಲಾಸ್ಟ್ ಡೇಟ್ ಅಂತ ಇರಲ್ಲ."

"ನನಗೆ ಮಾತ್ರ ಇರುತ್ತಾ? ಹೋಗ್ಲಿ, ಕಷ್ಟ ಇದ್ರೆ ಮಿನಿಮಮ್ ಆದ್ರೂ ಕಟ್ಟಿ."

೬. ಟಿಕೆಟ್ಟು

ಪಾಯಿಂಟು ಸಾಕಷ್ಟಾಗಿದೆ ಎಂದು ಒಂದು ದಿನ ಇಬ್ಬರೂ ಬ್ಯಾಂಕಿಗೆ ಹೋದೆವು. ಚಿಕ್ಕಮ್ಮ ಮದುವೆ ಮನೆಗೆ ಉಡುವ ಸೀರೆ ಉಟ್ಟಿದ್ದಳು. ಆ ಹುಡುಗಿ ಕಂಪ್ಯೂಟರ್ ನೋಡಿ ಮುಖ ಚಿಕ್ಕದು ಮಾಡಿಕೊಂಡಳು. "ಆಂಟಿ, ಹೋಗೋದಕ್ಕೆ ಮಾತ್ರ ಆಗತ್ತೆ. ವಾಪಸ್ ಬರೋದಕ್ಕೆ ಸಾಲಲ್ಲ."

ನಾನು ಮೇಜು ಗುದ್ದಿ ಎದ್ದೆ. "ಮೋಸ! ಹಳ್ಳಿ ಹೆಂಗಸಿಗೆ ಆಸೆ ಹುಟ್ಟಿಸಿ..."

ಚಿಕ್ಕಮ್ಮ ಅಂಗಿ ಜಗ್ಗಿ ಕೂರಿಸಿದಳು. "ಸುಮ್ನಿರೋ. ನೀನು ಹೋಗೋದು ಮಾಡಮ್ಮಾ."

ಟಿಕೆಟ್ಟು ಆಯಿತು. ಅವಳು ಅಲ್ಲೇ ಕೂತು ಗುವಾಹಟಿಗೆ ಫೋನ್ ಮಾಡಿದಳು. ಭಾನುವಾರವಲ್ಲದ ದಿನ ಫೋನ್ ಬಂದದ್ದಕ್ಕೆ ಆ ಕಡೆಯವಳಿಗೆ ಗಾಬರಿ. "ಯಾರಿಗೇನಾಯ್ತೇ?"

"ಯಾರಿಗೂ ಏನೂ ಆಗಿಲ್ಲ. ನಾನೇ ಬರ್ತಾ ಇದ್ದೀನಿ. ಟಿಕೆಟ್ಟು ಕೈಲೈತೆ."

ಇಬ್ಬರು ಹೆಂಗಸರು ಮೂಗೆಳೆದುಕೊಳ್ಳುವ ಸದ್ದು ಮಾತ್ರ. ಬ್ಯಾಂಕಿನ ಹುಡುಗಿಯೂ ಕಣ್ಣು ತೀಡಿಕೊಂಡಳು. ಧಿಕ್ಕಾರ ಕೂಗುವ ನಾನೇ ಅವಳಿಗೆ ಕರವಸ್ತ್ರ ಕೊಟ್ಟೆ. ಕೊನೆಗೆ ಫೋನಿನಿಂದ ದನಿ ಬಂತು. "ಎಷ್ಟು ದಿನ ಇರ್ತೀಯೇ?"

"ವಾಪಸ್ಸಿಗೆ ಪಾಯಿಂಟು ಇಲ್ಲ ಕಣೇ. ಅಲ್ಲೇ ಕಾರ್ಡು ಉಜ್ಜಿ ಕೂಡಿಸ್ಕೊಂಡು ಬರಬೇಕು."

"ಅಯ್ಯೋ, ಅದಕ್ಕೇನಂತೆ? ಇಲ್ಲಿ ದೊಡ್ಡ ದೊಡ್ಡ ಅಂಗಡಿಗಳಿವೆ, ಕರ್ಕೊಂಡು ಹೋಗ್ತೀನಿ."

ಚಿಕ್ಕಮ್ಮ ನನ್ನ ಕಡೆ ಬೆನ್ನು ತಿರುಗಿಸಿ, ಫೋನಿಗೆ ಕೈ ಮರೆ ಮಾಡಿ, ದನಿ ತಗ್ಗಿಸಿ ಅಂದಳು:

"ಲೇ, ದೊಡ್ಡ ಅಂಗಡಿ ಬೇಡ. ದಿನಕ್ಕೊಂದು ಉಪ್ಪಿನ ಪ್ಯಾಕೆಟ್ಟು ತರಾಣ, ಸಾಕು."