ಸೋಲೋ ಚೆಸ್ ಇದೆಯಾ, ಶೆಟ್ರೇ?

ಕಂಪ್ಯೂಟರ್ ಸಾಫ್ಟ್‌ವೇರನ್ನು ಬೆಂಡೆಕಾಯಿಯ ಹಾಗೆ ತುದಿ ಮುರಿದು ನೋಡಿ ಕೊಳ್ಳಲು ಹೊರಟ ಮೊಟ್ಟಮೊದಲ ಮನುಷ್ಯಪ್ರಾಣಿ ನಮ್ಮ ಸೋದರತ್ತೆ. ನಗುತ್ತೀರಾ? ಧಾರಾಳವಾಗಿ ನಗಿ! ಆದರೆ ಬಾಂದ್ರಾದ ಶೆಟ್ಟರ ಮುಂದೆ ಮಾತ್ರ ನಗಬೇಡಿ. ಅವರು ಅನುಭವಿಸಿದವರು.

ಎಂಬತ್ತರ ದಶಕ ಮುಗಿದು ತೊಂಬತ್ತು ಕಾಲಿಟ್ಟಿದ್ದ ಕಾಲ. ನಾನು ಮೈಸೂರಿನಿಂದ ಬಂದು ಫೋರ್ಟಿನ ಒಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ್ದೆ. ವಾಸ ಮುಲುಂಡಿನಲ್ಲಿ, ಅತ್ತೆ–ಮಾವನ ಮನೆಯಲ್ಲಿ. ಅತ್ತೆಯೂ ಫೋರ್ಟಿನಲ್ಲೇ ಒಂದು ಕಂಪನಿಯಲ್ಲಿ ಟೈಪಿಸ್ಟ್. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಲೋಕಲ್ ಹಿಡಿಯುತ್ತಿದ್ದೆವು, ಸಂಜೆ ಒಟ್ಟಿಗೆ ಇಳಿಯುತ್ತಿದ್ದೆವು. ಇಳಿದ ಮೇಲೆ ನನ್ನ ಕಷ್ಟ ಶುರು. ಸ್ಟೇಷನ್ ಹೊರಗಿನ ತರಕಾರಿಯವರು ಅತ್ತೆಯನ್ನು ದೂರದಿಂದ ಕಂಡರೇ ಸಾಕು, "ಮೌಶಿ ಆಲೀ!" ಎಂದು ಒಬ್ಬರಿಂದೊಬ್ಬರಿಗೆ ಸುದ್ದಿ ಮುಟ್ಟಿಸಿ ಗಾಡಿಯ ಮೇಲೆ ಗೋಣಿಚೀಲ ಎಳೆಯುತ್ತಿದ್ದರು. ಅತ್ತೆ ಆ ಗೋಣಿಯನ್ನು ಎತ್ತಿ ನೋಡುತ್ತಿದ್ದರು! ಕಲ್ಲಂಗಡಿಯನ್ನು ತಟ್ಟಿ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಹುಣಸೆಹಣ್ಣನ್ನು ನೆಕ್ಕಿ ನೋಡುವುದು ಅವರ ಜನ್ಮಸಿದ್ಧ ಹಕ್ಕು. ಒಮ್ಮೆ ಹೊಸ ಚಪ್ಪಲಿ ಹಾಕಿಕೊಂಡು "ನಡೆದು ನೋಡಬೇಕಲ್ಲ" ಎಂದು ಬೀದಿಯ ಕೊನೆಯವರೆಗೂ ಹೋದರು. ಅಂಗಡಿಯವನು ಪಾಪ, ಬರಿಗಾಲಲ್ಲಿ ಹಿಂದೆ ಹಿಂದೆಯೇ ಓಡಿಬಂದ.

ಇಂಥ ಅತ್ತೆಯ ಕೈಗೆ ಕಂಪ್ಯೂಟರ್ ಸಿಕ್ಕಿತು. ಅವರ ಕಂಪನಿ ಹೊಸ ಯಂತ್ರ ತರಿಸಿ, ಹಳೆಯದನ್ನು ನೌಕರರಿಗೇ ಅಗ್ಗಕ್ಕೆ ಕೊಟ್ಟಿತ್ತು. ಅತ್ತೆ ಅದನ್ನು ಟ್ಯಾಕ್ಸಿಯಲ್ಲಿ, ಬಾಣಂತಿ ಮಗುವನ್ನು ತರುವ ಹಾಗೆ, ತೊಡೆಯ ಮೇಲೆ ಇಟ್ಟುಕೊಂಡು ತಂದರು.

"ಟೀವಿ ಹೈ ಕ್ಯಾ, ಮಾಜೀ?" ಎಂದು ಕೇಳಿದನಂತೆ ಟ್ಯಾಕ್ಸಿಯವನು.

"ಟೀವಿ ನಹೀ. ಟೀವಿ ದೇಖನೇಸೇ ಜೋ ಅಕಲ್ ಜಾತಾ ಹೈ ನಾ, ವೋ ಇಸ್ಮೇ ವಾಪಸ್ ಆತಾ ಹೈ!" ಟೀವಿ ನೋಡಿ ಹೋದ ಬುದ್ಧಿ ಇದರಲ್ಲಿ ವಾಪಸ್ ಬರುತ್ತದಂತೆ!

ಅಕ್ಕಪಕ್ಕದ ಫ್ಲ್ಯಾಟಿನವರೆಲ್ಲ ನೋಡಲು ಬಂದರು. ಅತ್ತೆ ಸ್ವಿಚ್ ಹಾಕಿದರು. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಹಸಿರು ಗೆರೆ ಪಿಳಿಪಿಳಿ ಕಣ್ಣು ಮಿಟುಕಿಸಿತು. ಅಷ್ಟೇ. ಎಲ್ಲರೂ ಕಾಫಿ ಕುಡಿದು, ಆ ಗೆರೆಯನ್ನು ಇನ್ನೊಮ್ಮೆ ನೋಡಿ, ಎದ್ದುಹೋದರು.

"ಇದಕ್ಕೆ ಸಾಫ್ಟ್‌ವೇರ್ ಹಾಕಬೇಕು ಅತ್ತೆ," ಎಂದೆ ನಾನು.

"ಹಾಕೋಣ. ಒಳ್ಳೆಯದು ನೋಡಿ ಹಾಕೋಣ," ಎಂದರು ಅತ್ತೆ. ಆ 'ನೋಡಿ' ಎಂಬ ಮಾತು ಕೇಳಿಯೇ ನನಗೆ ಸ್ಟೇಷನ್ ಹೊರಗಿನ ಕಲ್ಲಂಗಡಿಗಳು ನೆನಪಾದವು.

ಕೆಳಗಿನ ಮನೆಯ ಗುಜರಾತಿ ಯಜಮಾನರು ತಮ್ಮ ಆಫೀಸಿನಿಂದ ಬೇಕಾದ್ದನ್ನು ಪುಕ್ಕಟೆ ನಕಲು ಮಾಡಿ ತಂದುಕೊಡುವುದಾಗಿ ಹೇಳಿದರು. ಊರಲ್ಲೆಲ್ಲ ಅದೇ ರೂಢಿ. ಆದರೆ ಅತ್ತೆ ಒಪ್ಪಬೇಕಲ್ಲ! "ಯಾರ್ಯಾರ ಮನೇಲೋ ಉಂಡು ಬಂದ ಎಂಜಲು ಫ್ಲಾಪಿ ನಮಗೆ ಬೇಡ. ಬಿಲ್ಲು ಕೊಡೋ ಅಂಗಡಿ ಎಲ್ಲಿದೆ, ಅದನ್ನ ಹೇಳಿ."

ಅಂಥ ಅಂಗಡಿ ಬಾಂದ್ರಾದಲ್ಲಿತ್ತು. ಮುಲುಂಡಿನಿಂದ ದಾದರ್, ದಾದರಿನಲ್ಲಿ ಸೇತುವೆ ಹತ್ತಿ ಇಳಿದು ಇನ್ನೊಂದು ಲೈನಿನ ಗಾಡಿ. ಉಡುಪಿ ಕಡೆಯ ಶೆಟ್ಟರೊಬ್ಬರ ಹೋಟೆಲು. ಅದರ ಅಟ್ಟದ ಮೇಲೆ, ಅಕ್ಕಿ ಮೂಟೆ ಇಡುತ್ತಿದ್ದ ಜಾಗದಲ್ಲಿ ಅವರ ತಮ್ಮ ಈ ಅಂಗಡಿ ತೆರೆದಿದ್ದರು. "ಸಕಲ ಸಾಫ್ಟ್‌ವೇರ್ ಒಂದೇ ಸೂರಿನಡಿ" ಎಂಬರ್ಥದ ದೊಡ್ಡ ಬೋರ್ಡು. ಗೋಡೆಯ ಮೇಲೆ ಹೋಟೆಲಿನ ತಿಂಡಿಪಟ್ಟಿಯ ಹಾಗೆಯೇ ಸಾಲಾಗಿ ಹೆಸರುಗಳು: ಪತ್ರ ಬರೆಯುವುದು, ಲೆಕ್ಕ ಬರೆಯುವುದು, ಜಾತಕ ಬರೆಯುವುದು, ಆಟಗಳು. ಕೆಳಗೆ ಈರುಳ್ಳಿ ಹುರಿದರೆ ಮೇಲೆ ಸಾಫ್ಟ್‌ವೇರೆಲ್ಲ ಘಮಘಮ!

"ಎಂತ ಬೇಕಿತ್ತು ಅಕ್ಕ?" ಎಂದರು ಕಿರಿಯ ಶೆಟ್ಟರು. ನಗುಮುಖ. ಪಾಪ, ಅವರಿಗೇನು ಗೊತ್ತು?

"ಚೆಸ್ಸು."

ನನಗೆ ಆಶ್ಚರ್ಯ. ಟೈಪಿಸ್ಟ್ ಆದವರು ಪತ್ರ ಬರೆಯುವುದನ್ನು ಕೇಳುತ್ತಾರೆ ಎಂದುಕೊಂಡಿದ್ದೆ. ಅತ್ತೆಗೆ ಚದುರಂಗದ ಕುದುರೆಗೂ ಜಟಕಾ ಕುದುರೆಗೂ ವ್ಯತ್ಯಾಸ ಗೊತ್ತಿರಲಿಲ್ಲ.

ಶೆಟ್ಟರು ಒಂದು ದೊಡ್ಡ ಡಬ್ಬ ತಂದರು. ಅತ್ತೆ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ನಾನು ಅಟ್ಟದ ಕಿಟಕಿಯಿಂದ ಹೊರಗೆ ನೋಡಲು ಶುರುಮಾಡಿದೆ.

"ಏನಿದು, ಒಳಗೆ ಬರೀ ಗಾಳಿ?"

"ಎರಡು ಫ್ಲಾಪಿ ಉಂಟು ಅಕ್ಕ, ಒಂದು ಪುಸ್ತಕ ಉಂಟು."

"ಎರಡು ಹಪ್ಪಳಕ್ಕೆ ಇಷ್ಟು ದೊಡ್ಡ ಡಬ್ಬವೇ? ತೆಗೀರಿ, ನೋಡೋಣ."

ತೆಗೆದರು. ಒಳಗೊಂದು ಅಂಟಿಸಿದ ಲಕೋಟೆ. ಅದರ ಮೇಲೆ ಇಂಗ್ಲಿಷಿನಲ್ಲಿ, 'ಈ ಲಕೋಟೆ ಒಡೆದರೆ ಒಳಗಿನ ಷರತ್ತುಗಳನ್ನೆಲ್ಲ ನೀವು ಒಪ್ಪಿಕೊಂಡಂತೆ' ಎಂದಿತ್ತು. ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿದರು.

"ಷರತ್ತು ಎಲ್ಲಿವೆ?"

"ಒಳಗೆ."

"ಹಾಗಾದರೆ ಒಡೆದು ಕೊಡಿ, ಓದಿ ಹೇಳ್ತೀನಿ."

"ಅಯ್ಯೋ, ಒಡೆದರೆ ಒಪ್ಪಿದ ಹಾಗೆ ಅಲ್ವಾ ಮಾರಾಯ್ರೆ!"

"ಅಂದರೆ ಮೊದಲು ಒಪ್ಪಬೇಕು, ಆಮೇಲೆ ಓದಬೇಕು?" ಅತ್ತೆ ಮೆಟ್ಟಿಲ ಮೇಲೆ ಕಾಯುತ್ತಿದ್ದ ಗಿರಾಕಿಗಳ ಕಡೆ ತಿರುಗಿದರು. "ನಮ್ಮ ಮದುವೇಲೂ ಹೀಗೇ ಆಯ್ತು. ಒಪ್ಪಿ ಎಷ್ಟೋ ವರ್ಷ ಆಯ್ತು, ಷರತ್ತು ಇನ್ನೂ ಓದ್ತಾನೇ ಇದ್ದೀನಿ!"

ಮೆಟ್ಟಿಲೆಲ್ಲ ನಕ್ಕಿತು. ಕನ್ನಡ ಬಾರದವರೂ ನಕ್ಕರು. ಶೆಟ್ಟರು ಬೆವರು ಒರೆಸಿಕೊಂಡು ತಾವೇ ಲಕೋಟೆ ಒಡೆದರು. ಹೀಗಾಗಿ ಕಾಯಿದೆಯ ಪ್ರಕಾರ ಆ ಷರತ್ತುಗಳನ್ನೆಲ್ಲ ಒಪ್ಪಿಕೊಂಡವರು ಶೆಟ್ಟರೇ ಹೊರತು ಅತ್ತೆಯಲ್ಲ!

ಮುಂದಿನ ಭಾನುವಾರ ಅತ್ತೆ ಮತ್ತೆ ಅದೇ ಡಬ್ಬದೊಂದಿಗೆ ಅಟ್ಟ ಹತ್ತಿದರು. 'ಕೊಂಡ ಸಾಫ್ಟ್‌ವೇರ್ ವಾಪಸಿಲ್ಲ' ಎಂಬ ಬೋರ್ಡಿನ ಕೆಳಗೇ ಡಬ್ಬ ಇಟ್ಟರು.

"ಎಂತಾಯ್ತು ಅಕ್ಕ? ನಡೀಲಿಲ್ವಾ?"

"ಚೆನ್ನಾಗಿ ನಡೀತು. ಗೆಲ್ಲುತ್ತೆ."

"ಗೆಲ್ಲಬೇಕಲ್ಲ! ಭಯಂಕರ ಜೋರು ಅದು. ದೊಡ್ಡ ದೊಡ್ಡ ಆಟಗಾರರನ್ನೇ ಮಲಗಿಸ್ತದೆ."

"ಮಲಗಿರೋರನ್ನ ಎಬ್ಬಿಸೋದು ಬೇಕು ನಮಗೆ. ಸೋಲೋ ಚೆಸ್ ಇದೆಯಾ, ಶೆಟ್ರೇ?"

ಶೆಟ್ಟರು ನನ್ನ ಮುಖ ನೋಡಿದರು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಬಾಂದ್ರಾ ಬೀದಿಯ ಪ್ರತಿಯೊಂದು ಬಸ್ಸೂ ಅಷ್ಟು ಹೊತ್ತಿಗೆ ನನಗೆ ಪರಿಚಯವಾಗಿತ್ತು.

"ಹಾಳಾದರೆ ವಾಪಸ್ ತಕೊಳ್ಳುವ. ಗೆಲ್ತದೆ ಅಂತ ಯಾರಾದರೂ ವಾಪಸ್ ಕೊಡ್ತಾರಾ? ಕೆಳಗೆ ದೋಸೆ ಗರಿಗರಿ ಆಗಿದೆ ಅಂತ ವಾಪಸ್ ಕೊಟ್ಟ ಹಾಗಾಯ್ತು!"

"ಹಲ್ಲಿಲ್ಲದವರಿಗೆ ಗರಿಗರಿ ದೋಸೆ ಕೊಟ್ಟರೆ ಅದು ಯಾರ ತಪ್ಪು?"

ಶೆಟ್ಟರು ಒಳಗಿದ್ದ ಆಟಗಳನ್ನೆಲ್ಲ ಒಂದೊಂದಾಗಿ ತಮ್ಮ ಯಂತ್ರಕ್ಕೆ ಹಾಕಿ ತೋರಿಸಿದರು. ಅತ್ತೆ ಎದುರಿಗೆ ಕೂತು ಮನಸ್ಸಿಗೆ ಬಂದ ಹಾಗೆ ಕಾಯಿ ನಡೆಸುತ್ತಾ ಹೋದರು. ಪ್ರತಿಯೊಂದೂ ಅತ್ತೆಯನ್ನು ನಿರ್ದಾಕ್ಷಿಣ್ಯವಾಗಿ ಸೋಲಿಸಿತು. "ಇದೂ ಬೇಡ," "ಇದಕ್ಕೆ ಹೆಂಗಸರು ಅನ್ನೋ ದಾಕ್ಷಿಣ್ಯವೂ ಇಲ್ಲ," "ಇದು ಆಡುತ್ತಿರೋದೋ, ಹಗೆ ತೀರಿಸಿಕೊಳ್ಳುತ್ತಿರೋದೋ?" ಹೀಗೆ ಅಟ್ಟಕ್ಕೆಲ್ಲ ಕೇಳುವ ಹಾಗೆ ತೀರ್ಪು ಕೊಟ್ಟರು. ಅಲ್ಲಿದ್ದ ಇಬ್ಬರು ಗಿರಾಕಿಗಳು ಅತ್ತೆಯ ತೀರ್ಪು ಕೇಳಿ, ಕೊಳ್ಳಲು ಕೈಗೆತ್ತಿಕೊಂಡಿದ್ದನ್ನು ವಾಪಸ್ ಇಟ್ಟುಬಿಟ್ಟರು!

ವಾಪಸ್ ಬರುವಾಗ ದಾದರಿನ ಸೇತುವೆಯ ಮೇಲೆ ತಡೆಯಲಾರದೆ ಕೇಳಿದೆ. "ಏನತ್ತೆ ಇದು? ಸೋಲೋ ಆಟ ಯಾಕೆ?"

ಅತ್ತೆ ಸೇತುವೆಯ ಕಂಬಿ ಹಿಡಿದು ನಿಂತರು.

"ನಿಮ್ಮ ಮಾವಂಗೆ ಕಣೇ."

ಮಾವನಿಗೆ ಹಿಂದಿನ ವರ್ಷ ಪಾರ್ಶ್ವವಾಯು ಬಡಿದಿತ್ತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿ, ಮಾತು ತೊದಲುತ್ತಿತ್ತು. ಕೋಲು ಹಿಡಿದು ಮನೆಯೊಳಗೆ ಓಡಾಡುವಷ್ಟಾಗಿದ್ದರು. ಅದಕ್ಕೆ ಮೊದಲು ಬಿಲ್ಡಿಂಗಿನ ಅಂಗಳದಲ್ಲಿ ಭಾನುವಾರ ಚೆಸ್ ಹಲಗೆ ಹರಡಿದರೆ ಅವರನ್ನು ಸೋಲಿಸುವವರು ಹುಟ್ಟಿರಲಿಲ್ಲವಂತೆ. ಕಾಯಿಲೆಯಾದ ಮೇಲೆ ಹಳೆಯ ಜೊತೆಗಾರರು ಪ್ರೀತಿಯಿಂದಲೇ ಮನೆಗೆ ಬಂದು ಆಡುತ್ತಿದ್ದರು, ಪ್ರೀತಿಯಿಂದಲೇ ಸೋಲುತ್ತಿದ್ದರು.

"ಒಂದಿನ ಯಾರೋ ಬೇಕೂಂತ ಮಂತ್ರೀನ ಬಿಟ್ಟುಕೊಟ್ಟರು. ಇವರು ಹಲಗೆ ತಗೊಂಡು ಬಾಲ್ಕನಿಯಿಂದ ಎಸೆದರು. ಅವತ್ತಿಂದ ಚೆಸ್ಸೂ ಇಲ್ಲ, ಮಾತೂ ಇಲ್ಲ. ಡಾಕ್ಟರು ಮಾತಾಡಿಸಿ, ಮಾತಾಡಿಸಿ ಅಂತಾರೆ. ಏನಂತ ಮಾತಾಡಿಸಲಿ? ಮನುಷ್ಯರು ಕರುಣೆಯಿಂದ ಸೋತರೆ ಅವರಿಗೆ ಗೊತ್ತಾಗಿಬಿಡುತ್ತೆ. ಮಿಷನ್ನಿಗೆ ಕರುಣೆ ಇಲ್ವಲ್ಲ, ಅದು ಸೋತರೆ ನಿಜವಾಗ್ಲೂ ಸೋತ ಹಾಗೆ."

ಅತ್ತೆ ಅಷ್ಟು ಹೇಳಿ, ಸೇತುವೆಯ ಮೇಲೆ ಕೂತಿದ್ದ ಕರ್ಚೀಫು ಮಾರುವವಳ ಹತ್ತಿರ ಚೌಕಾಸಿಗೆ ಇಳಿದರು.

ಇಷ್ಟೆಲ್ಲ ಕತೆಯನ್ನು ಮುಂದಿನ ಸಲ ನಾನೇ ಶೆಟ್ಟರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಮೊದಲು ಕೊಟ್ಟಿದ್ದ ಅದೇ ಡಬ್ಬದ ಪುಸ್ತಕವನ್ನು ತಿರುವಿ ಹಾಕಿ, "ಅಕ್ಕ, ಇದರಲ್ಲೇ ಉಂಟು! ಹತ್ತು ಹಂತ ಉಂಟು. ಇದು ಎದ್ದ ಕೂಡಲೇ ಹತ್ತರಲ್ಲಿ ನಿಲ್ತದೆ. ನೀವು ಒಂದಕ್ಕೆ ಇಳಿಸಿ. ಒಂದರಲ್ಲಿ ಇದು ಶುದ್ಧ ಬೆಪ್ಪು!" ಎಂದರು. ಅತ್ತೆ ಆಡಿದರು. ಬಹಳ ಹೊತ್ತು ಆಡಿದರು. ಕೊನೆಗೆ ಅತ್ತೆಯೇ ಗೆದ್ದುಬಿಟ್ಟರು!

"ನನ್ನ ಹತ್ತಿರ ಸೋಲಬೇಕಾದರೆ ಇದು ನಿಜವಾಗ್ಲೂ ದಡ್ಡ," ಎಂದು ಅತ್ತೆ ಸಂತೋಷದಿಂದ ಡಬ್ಬವನ್ನು ಎದೆಗವಚಿಕೊಂಡರು. ಶೆಟ್ಟರು ಕೆಳಗಿನಿಂದ ಮೂರು ಪ್ಲೇಟ್ ಬನ್ಸ್ ತರಿಸಿದರು. ಬನ್ಸಿನ ಬಿಲ್ಲಿನ ಬಗ್ಗೆ ಅತ್ತೆ ಚೌಕಾಸಿ ಮಾಡಲಿಲ್ಲ. ಶೆಟ್ಟರು ಬಿಲ್ಲು ಕೊಡಲೇ ಇಲ್ಲ!

ಆಮೇಲೆ ನಮ್ಮ ಮನೆಯ ಬೆಳಗಿನ ಶಾಸ್ತ್ರ ಬದಲಾಯಿತು. ಅತ್ತೆ ಆಫೀಸಿಗೆ ಹೊರಡುವ ಮುಂಚೆ, ಮಾವ ಸ್ನಾನಕ್ಕೆ ಹೋದ ಸಮಯ ನೋಡಿ ಯಂತ್ರ ಹಚ್ಚಿ, ಕಳ್ಳಿಯ ಹಾಗೆ ಹಿಂದೆ ಮುಂದೆ ನೋಡಿ, ಹಂತವನ್ನು ಒಂದಕ್ಕೆ ಇಳಿಸಿಡುತ್ತಿದ್ದರು. "ರೀ, ಬಹಳ ಜೋರಾದ ಆಟವಂತೆ ಇದು. ನಿಮ್ಮ ಕೈಲಿ ಆಗಲ್ಲ ಬಿಡಿ," ಎಂದು ಬೇಕೆಂದೇ ಕೆಣಕಿದರು. ಮಾವ ಎರಡು ದಿನ ಆ ಕಡೆ ನೋಡಲಿಲ್ಲ. ಮೂರನೆಯ ದಿನ ನಾವು ಮನೆಗೆ ಬಂದಾಗ ಎಡಗೈಯಿಂದ ಕೀಲಿಗಳನ್ನು ಒತ್ತುತ್ತಾ ಕೂತಿದ್ದರು. ಬಾಗಿಲು ತೆರೆಯುತ್ತಿದ್ದ ಹಾಗೇ ಒಳಗಿನಿಂದ ಮಾತು ಕೇಳಿಸಿತು.

"ದ... ದಡ್ಡ ಮುಂಡೇದು!"

ಅತ್ತೆ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಬಹಳ ದಿನಗಳ ನಂತರ ಮಾವ ಆಡಿದ ಮೊದಲ ಪೂರ್ತಿ ಮಾತು ಅದು. ಆಮೇಲೆ ಬೈಗುಳಗಳು ದಿನದಿನಕ್ಕೂ ಉದ್ದವಾದವು. ಯಂತ್ರವನ್ನು ಬೈದು ಬೈದೇ ಮಾವನ ನಾಲಿಗೆ ತಿರುಗಿತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಮರಾಠಿ ಹೆಂಗಸಂತೂ ಮಾವನಿಂದ ಶುದ್ಧ ಮೈಸೂರು ಬೈಗುಳಗಳನ್ನು ಕಲಿತುಕೊಂಡು ಹೋಗಿ ಗಂಡನ ಮೇಲೆ ಪ್ರಯೋಗಿಸಿದಳಂತೆ!

ಒಂದು ಶನಿವಾರ ಬ್ಯಾಂಕು ಅರ್ಧ ದಿನ. ನಾನೊಬ್ಬಳೇ ಬೇಗ ಮನೆಗೆ ಬಂದೆ. ಮಾವ ಪರದೆಯ ಮುಂದೆ ಕೂತಿದ್ದರು. ಎಂದಿನ ಬೈಗುಳವಿಲ್ಲ. ಹಣೆಯಲ್ಲಿ ಗೆರೆ, ಎಡಗೈ ಗಲ್ಲದ ಮೇಲೆ. ಹತ್ತಿರ ಹೋಗಿ ನೋಡಿದೆ. ಪರದೆಯ ಮೇಲುಗಡೆ ಹಂತ ಹತ್ತು ಎಂದಿತ್ತು. ಮಾವನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ. ನನ್ನ ಕಣ್ಣೆದುರೇ ಸೋತರು.

"ಮಾವ, ಅತ್ತೆ ಹಂತ ಇಳಿಸಿಡೋದು ನಿಮಗೆ ಗೊತ್ತಾ?"

"ಮೊ... ಮೊದಲನೇ ದಿನವೇ ಗೊತ್ತಾಯ್ತು." ನಿಧಾನವಾಗಿ, ಒಂದೊಂದೇ ಮಾತು ಹೆಕ್ಕಿ ಆಡಿದರು. "ಇಷ್ಟು ದಡ್ಡ ಆಟ ಯಾರು ಮಾಡಿ ಮಾರ್ತಾರೆ? ಪುಸ್ತಕ ನೋಡಿ ನಾನೇ ಹತ್ತಕ್ಕೆ ಏರಿಸಿದೆ. ಬೆಳಗಿಂದ ಐದು ಆಟ ಸೋತೆ. ನಿನ್ನೆ ಒಂದು ಡ್ರಾ." ಕಣ್ಣಲ್ಲಿ ಮಿಂಚು. "ಸರಿಯಾಗಿ ಸೋಲಿಸಿದರು ಅಂದರೆ... ಎಷ್ಟು ಸುಖ ಗೊತ್ತಾ? ನನ್ನನ್ನ ಲೆಕ್ಕಕ್ಕೆ ತಗೊಂಡ ಹಾಗೆ."

"ಅತ್ತೆಗೆ ಹೇಳಿದ್ದರೆ ಎಷ್ಟು ಖುಷಿಪಡುತ್ತಿದ್ದರು!"

ಮಾವ ತಲೆಯಾಡಿಸಿದರು. "ಬೇಡ. ಬಾಂದ್ರಾಕ್ಕೆ ಹೋಗಿ ಅಷ್ಟು ಜಗಳ ಆಡಿ ತಂದಿದ್ದಾಳೆ. ನಾನು ಗೆದ್ದರೆ ಅವಳು ರಾತ್ರಿ ಎರಡು ತುತ್ತು ಹೆಚ್ಚು ತಿಂತಾಳೆ."

ಸಂಜೆ ಹೊರಗೆ ಲಿಫ್ಟಿನ ಬಾಗಿಲು ಕಿರ್ರೆಂದಿತು. ಮಾವ ಸರಸರನೆ ಹಂತವನ್ನು ಒಂದಕ್ಕೆ ಇಳಿಸಿ, ಹೊಸ ಆಟ ಶುರುಮಾಡಿ, ಎಡಗೈಯ ಒಂದೇ ಬೆರಳಿನಿಂದ ಟಪಟಪನೆ ಕಾಯಿ ನಡೆಸತೊಡಗಿದರು. ಅತ್ತೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ತರಕಾರಿ ಸಂಚಿ ಗೋಡೆಗೆ ಒರಗಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುವಷ್ಟರಲ್ಲಿ ಮಾವ ಕೂಗಿದರು.

"ಗೆದ್ದೆ ಕಣೇ!"

ಅತ್ತೆ ಒಳಗೆ ಬಂದು ಮಾವನ ಬೆನ್ನ ಹಿಂದೆ ನಿಂತು ಪರದೆ ನೋಡಿದರು. ಮುಖದಲ್ಲಿ ಇಡೀ ದಿನದ ಲೋಕಲ್ ಗಾಡಿಯ ದಣಿವು ಕರಗಿಹೋಯಿತು. ಮಾವನ ಸ್ವಾಧೀನವಿಲ್ಲದ ಬಲಗೈಯನ್ನು ಎತ್ತಿ ಅವರ ತೊಡೆಯ ಮೇಲೆ ಸರಿಯಾಗಿ ಇಟ್ಟು, ಮೆಲ್ಲಗೆ ಹೇಳಿದರು.

"ದಿನಾ ನೀವೇ ಗೆದ್ದರೆ ಹೇಗ್ರೀ? ಪಾಪ, ಅದಕ್ಕೂ ಒಂದು ಆಟ ಬಿಟ್ಟುಕೊಡಿ."