ಮಗನ ಆಟ ನೋಡೂದಿಲ್ಲ ಅಂದವರು

ಬರ್ರಿ, ಚಾಪಿ ಮ್ಯಾಲ ಆರಾಮ ಕೂಡ್ರಿ. ಮೊಬೈಲ್ ಅತ್ತಾಗ ಇಡ್ರಿ. ಅದು ಎಲ್ಲೀಗೂ ಹೋಗೂದಿಲ್ಲ, ನಾ ಹೋಗಾಕಿ. ನಟನ್ನ ಹಡೆದವಳ ಮನ್ಯಾಗ ದಿನಾ ಒಂದಿಲ್ಲೊಂದು ನಡೀತೇ ಇರ್ತದ, ಕೇಳ್ರಿ.

ನಾಟಕ ಅನ್ರಿ, ಸಿನಿಮಾ ಅನ್ರಿ, ನನ್ನ ಮಗನ ಗುರುತಿಲ್ಲದವರು ಈಗ ಯಾರೂ ಇಲ್ಲ. ಆದ್ರ ಸಾಯಗಾಂವದಾಗ, ನಮ್ಮ ಮನ್ಯಾಗೇ, ಒಬ್ಬರು ಅವನ ಆಟ ನೋಡೂದಿಲ್ಲ ಅಂತ ಹಟ ಹಿಡಿದಿದ್ರು. ಅವನ ಅಪ್ಪ! "ಕುರಿ ಕಾಯೂದು ಬಿಟ್ಟು ಮಾರಿಗಿ ಬಣ್ಣ ಬಳಕೊಂಡವನ ಆಟ ನಾ ಸತ್ರೂ ನೋಡೂದಿಲ್ಲ" ಅಂದಿದ್ರು. ಅಪ್ಪ ಒಮ್ಮೆರೆ ನೋಡಲಿ ಅಂಬೋದೊಂದೇ ಮಗನ ಆಸಿ.

ಬಸುರಿ ಮಗ

ಅವನ ಮೊದಲ ನಾಟಕ ಭಾಲ್ಕ್ಯಾಗ. ಬಸುರಿ ಸೊಸಿ ಪಾತ್ರಕ್ಕ ಹೆಣ್ಣುಮಗಳು ಸಿಗಲಿಲ್ಲ. ನನ್ನ ಮಗನೇ ಸೀರಿ ಉಟ್ಟು, ಹೊಟ್ಟಿಗಿ ದಿಂಬು ಕಟ್ಕೊಂಡ. ಅತ್ತಿ ಕಾಟಕ್ಕ ಅವ ಅತ್ರ ಕೂತ ಮಂದಿ ಎಲ್ಲಾ ಅತ್ತರು.

ಆಟ ಮುಗಿದ ಮ್ಯಾಲ ಬಗದಲ ಊರಿನ ಒಬ್ಬ ಮುದುಕಿ ಟೆಂಗಿನಕಾಯಿ, ಕುಬಸದ ಖಣ ಹಿಡಕೊಂಡು ಆ ಬಸುರಿಗಿ ಉಡಿ ತುಂಬಾಕ ಪರದಿ ಹಿಂದ ಹೋಗ್ಯಾಳ. ನೋಡಿದ್ರ, ಸೀರಿ ಮೊಣಕಾಲಿಗಿ ಎತ್ತಿ ಕಟ್ಟಿ ನನ್ನ ಮಗ ಬೀಡಿ ಸೇದ್ಲಿಕತ್ತಾನ!

"ಹೊಟ್ಟ್ಯಾಗ ಕೂಸು ಇಟ್ಕೊಂಡು ಬೀಡಿ ಸೇದ್ತಿ?" ಅಂತ ಮುದುಕಿ ಬೀಡಿ ಕಸಗೊಂಡು ಒಗದಾಳ.

"ಆಯಿ, ನಾ ಗಂಡಸು. ಇದು ದಿಂಬು!"

"ಏನರೆ ಇರ್ಲಿ. ತಂದ ಉಡಿ ಹೊಳ್ಳಿ ಒಯ್ಯಬಾರದು. ಸೆರಗ ಒಡ್ಡು!"

ಆ ಕಾಯಿ ಮನಿಗಿ ಬಂತು. ನಾ ಚಟ್ನಿ ಅರದೆ. ನಮ್ಮ ಮನಿಯವರು ನಾಕು ರೊಟ್ಟಿ ತಿಂದು, "ಕಾಯಿ ಎಲ್ಲೀದು?" ಅಂದ್ರು.

"ನಿಮ್ಮ ಮಗ ಬಸುರಿ ಆಗಿದ್ನಲ್ರಿ, ಉಡಿ ತುಂಬ್ಯಾರ" ಅಂದೆ.

ತಾಟು ಸರಿಸಿ ಸಿಟ್ಟಿಲೆ ಎದ್ದು ಹೋದ್ರು. ಆದ್ರ ಚಟ್ನಿ ಬಟ್ಟಲ ಮಾತ್ರ ಸ್ವಚ್ಛ ಇತ್ತು.

ಔರಾದ ಬಸ್ಸಿನಾಗ

ಸಿನಿಮಾದಾಗ ಅವನಿಗಿ ಮೊದಲು ಸಿಕ್ಕಿದ್ದು ತಾಯಿನ್ನ ಮನಿ ಬಿಟ್ಟು ಹೊರಗ ಹಾಕೋ ಕೆಟ್ಟ ಮಗನ ಪಾತ್ರ. ಆವಾಗ ನಾ ಔರಾದಕ್ಕ ತಂಗಿ ಮನಿಗಿ ಹೊಂಟಿದ್ದೆ. ಬಾಜೂ ಕೂತ ಹೆಣ್ಣುಮಗಳು ಆ ಸಿನಿಮಾ ನೋಡಿದಾಕಿ. ದಾರಿ ತುಂಬ ಅವನಿಗಿ ಬೈದಳು.

"ಅಂಥವನ್ನ ಹಡೆದಾಕಿ ಯಾರೋ ಏನೋ!"

"ನಾನೇರಿ" ಅಂದೆ. ಎದಿ ಉಬ್ಬಿಸೇ ಅಂದೆ.

ಆಕಿ ಕಣ್ಣಾಗ ನೀರೇ ಬಂತು. "ಅಯ್ಯ ನಮ್ಮವ್ವಾ, ಈಗ ಎಲ್ಲಿ ಇರ್ತೀರಿ?" ಅಂದು ಗಂಟು ಬಿಚ್ಚಿ ರೊಟ್ಟಿ ಕೊಟ್ಟಳು. ಹಿಂದಿನ ಸೀಟಿನಾಕಿ ಅದಕ್ಕ ಹಚ್ಕೊಳ್ಳಾಕ ಶೇಂಗಾ ಹಿಂಡಿ ಕೊಟ್ಟಳು.

"ಇಲ್ರಿ, ನನ್ನ ಮಗ ನನಗ ಭಾಳ ಚಂದ ನೋಡ್ಕೋತಾನ."

"ನೋಡ್ರಿ, ಪಾಪ! ಇನ್ನೂ ಮಗನ ಮಾನ ಕಾಯ್ಲಿಕತ್ತಾಳ" ಅಂತ ಇಡೀ ಬಸ್ಸು ಲೊಚಗುಟ್ಟಿತು.

ಇದನ್ನ ಮನಿಗಿ ಬಂದು ಹೇಳಿದೆ. ನಮ್ಮವರು ಕೋಲು ಹಿಡಕೊಂಡು ಎದ್ದೇ ಬಿಟ್ರು. "ನನ್ನ ಮಗಗ ಬೈಲಾಕ ಅವರ್ಯಾರು? ಬೈಯೋ ಹಕ್ಕು ನಂದು!"

ರಂಗದ ಮ್ಯಾಲಿನ ಎಂಟು ಕುರಿ

ಹೆಸರು ಆದ ಮ್ಯಾಲ ಮಗ ಬೀದರದಾಗ ಕುರಿ ಕಾಯೋ ಮುದುಕನ ನಾಟಕ ಇಟ್ಕೊಂಡ. "ಅವ್ವಾ, ಖರೇ ಕುರಿ ಬೇಕು" ಅಂದ. ನಮ್ಮವರು ಸಂತಿಗಿ ಹೋಗಿದ್ದು ನೋಡಿ ಎಂಟು ಕುರಿ ಟೆಂಪೋದಾಗ ಹಾಕಿ, ನಾನೂ ಹತ್ತಿದೆ. ಅವರು ಜಲ್ದಿ ಹೊಳ್ಳಿ ಬಂದಾರ. ಹಟ್ಟ್ಯಾಗ ಕುರಿ ಕಮ್ಮಿ! ಬಾಜೂ ಮನಿಯವರಿಂದ ಸುದ್ದಿ ತಿಳಕೊಂಡು ಬೀದರ ಬಸ್ ಹತ್ಯಾರ.

ರಂಗಮಂದಿರದ ಬಾಗಲದಾಗ "ಮುತ್ಯಾ, ಟಿಕೇಟ್?" ಅಂದ್ರ, "ನನ್ನ ಕುರಿ ಟಿಕೇಟ್ ತಗೊಂಡು ಹೋಗ್ಯಾವೇನು?" ಅಂದು ಒಳಗ ನುಗ್ಗಿದ್ರು.

ರಂಗದ ಮ್ಯಾಲ ಮಗ ಕಂಬಳಿ ಹೊದ್ದು, ಒಂದು ಕುರಿ ಬೆನ್ನ ಮ್ಯಾಲ ಕೈ ಇಟ್ಟು ಮಾತಾಡ್ಲಿಕತ್ತಿದ್ದ. ಮಂದಿ ಉಸಿರು ಬಿಗಿಹಿಡಿದು ಕೂತಿತ್ತು. ಬಾಗಲದಾಗಿಂದ ನಮ್ಮವರು "ಹುರ್ರ್ರ್... ಹ್ಯಾಯ್!" ಅಂತ ಕರೆದ್ರು ನೋಡ್ರಿ, ಎಂಟೂ ಕುರಿ ಕೆಳಗ ಜಿಗಿದವು. ಒಂದಂತೂ ಮುಂದ ಕೂತ ದೊಡ್ಡ ಸಾಹೇಬರ ಕೊರಳಿನ ಹಾರ ತಿಂದೇ ಬಿಡ್ತು. ಕುರಿ ಹಿಂದ ನನ್ನ ಮಗನೂ, ಮಾತು ಅರ್ಧಕ್ಕ ಬಿಟ್ಟು, ಜಿಗಿದು ಓಡಿ ಬಂದು ಅಪ್ಪನ ಮುಂದ ತಲಿ ತಗ್ಗಿಸಿ ನಿಂತ. ಸಣ್ಣವ ಇದ್ದಾಗಿನ ರೂಢಿ, ಎಲ್ಲಿ ಹೋಗ್ತದ?

ಇದೂ ನಾಟಕದಾಗಿಂದೇ ಅಂತ ತಿಳಿದು ಮಂದಿ ಚಪ್ಪಾಳಿ ಹೊಡೀತು. ನಮ್ಮವರು ಮಗನ್ನ ಮ್ಯಾಲಿಂದ ಕೆಳಗ ನೋಡಿ, "ಕಂಬಳಿ ಹಿಂಗ ಹೊದಿತಾರೇನೋ?" ಅಂತ ಜಗ್ಗಿ ತಾವೇ ಸರಿ ಹೊದಿಸಿದ್ರು. "ಹೋಗು, ಹಿಡಿದ ಕೆಲಸ ಅರ್ಧಕ್ಕ ಬಿಡಬಾರದು. ಕುರಿ ನಾ ಹಿಡಕೊಂಡು ಕೂಡ್ತೇನಿ." ಮುಂದಿನ ಖುರ್ಚಿಗಿ ಕೂತು ಕಡೀ ತನಕ ನೋಡಿದ್ರು.

ಮುಗಿದ ಮ್ಯಾಲ ಸಾಹೇಬರು ಕೇಳಿದ್ರು, "ಹ್ಯಾಂಗಿತ್ತು ಮುತ್ಯಾ, ಮಗನ ಆಟ?"

"ಆಟದ್ದು ನನಗೇನು ತಿಳೀತದ್ರಿ ಸಾಹೇಬ್ರ? ಇವರು ಒಯ್ದಿದ್ದು ಎಂಟು. ನಾ ಕರೆದ್ರ ಒಂಬತ್ತು ಬಂದವು!"

ಈಗ ಯಾರ್ಯಾರು ಏನಾದ್ರು ಕೇಳ್ರಿ. ಬಗದಲದ ಆಯಿ ತುಂಬು ವಯಸ್ಸಿಗಿ ಹೋದಳು. ನನ್ನ ಮಗ ಹೋಗಿ ಹೆಗಲು ಕೊಟ್ಟು ಬಂದ. ಬಸ್ಸಿನಾಗ ರೊಟ್ಟಿ ಕೊಟ್ಟ ಹೆಣ್ಣುಮಗಳು ಈಗ ನಮ್ಮ ಬೀಗತಿ. ಆ ಕೆಟ್ಟ ಮಗಗೇ ತನ್ನ ಮಗಳನ್ನ ಕೊಟ್ಟಾಳ! ಸಾಹೇಬರು ಬ್ಯಾರೆ ಜಿಲ್ಲಾಕ್ಕ ವರ್ಗ ಆದ್ರು. ಆ ಎಂಟು ಕುರಿ ನಮ್ಮವರು ಅವು ಸಾಯೂತನಕ ಮಾರಲಿಲ್ಲ, "ಕಲಾವಿದರನ್ನ ಸಂತಿಗಿ ಒಯ್ಯಬಾರದು" ಅಂತ. ಮಗಗ ರಾಜ್ಯದ ದೊಡ್ಡ ಪ್ರಶಸ್ತಿ ಬಂತು.

ನಮ್ಮವರು? ಮನಿಗಿ ಯಾರರೆ ಬಂದ್ರ ಮೊದಲು ನೀರು ಕೊಡ್ತಾರ, ಆಮ್ಯಾಲ "ನನ್ನ ಮಗನ ಆಟ ನೋಡೀರೇನು?" ಅಂತಾರ. ಇಲ್ಲ ಅಂದ್ರ ಅಂಗಳದಾಗ ತಾವೇ ನಿಂತು ಎಲ್ಲಾ ಮಾಡಿ ತೋರಸ್ತಾರ. ಮಗನಕಿಂತ ಚಂದ ಮಾಡ್ತಾರ್ರಿ. ಮಗಗ ಮಾತ್ರ ಹೇಳಬ್ಯಾಡ್ರಿ.