ಒಂದೇ ಒಂದು ತಪ್ಪು ಹೇಳಿ

"ಯಂತ್ರದ ಪರೀಕ್ಷೆ ಅಂದ್ರೆ ಹೀಗಿರಬೇಕು ಅಂತ ಇಡೀ ಜಾವಾ ದ್ವೀಪ ಬಂದು ನೋಡಬೇಕು, ಹಾಗೆ ಮಾಡ್ತೀನಿ" ಎಂದು ಪ್ರಸೋಜೊ ಬೆಳಗಿನ ಚಹಾದ ಮುಂದೆ ಘೋಷಿಸಿದ. ಹೆಂಡತಿ ಸೆಕಾರ್ ಸೋಯಾ ಕಾಳಿನ ಟೆಂಪೆ ಗಟ್ಟಿಯನ್ನು ಹೆಚ್ಚುತ್ತಿದ್ದ ಕೈಯನ್ನು ನಿಲ್ಲಿಸಲೂ ಇಲ್ಲ.

ಅವನು ತಯಾರಿಸಿದ್ದು ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಲ್ಲಿಸುವ ಯಂತ್ರ. ರೋಗಿ ಬಂದು ಪರದೆಯ ಮೇಲೆ ಹೆಸರು ಒತ್ತಬೇಕು, ಎಲ್ಲಿ ನೋವು ಎಂದು ತೋರಿಸಬೇಕು, ಸರದಿ ಚೀಟಿ ಪಡೆಯಬೇಕು. ಸದ್ಯಕ್ಕೆ ಅದೊಂದು ಟ್ಯಾಬಿನೊಳಗೆ ಮಾದರಿಯಾಗಿ ಕುಳಿತಿತ್ತು. ಅವನ ಕಾಲೇಜಿನ ಮಾರ್ಗದರ್ಶಕಿ ಬು ಹೆಸ್ತಿಯವರದು ಒಂದೇ ಷರತ್ತು: "ಹತ್ತು ಜನರ ಕೈಗೆ ಕೊಡಿ. ಎಲ್ಲಿ ತಡವರಿಸ್ತಾರೆ, ಏನಂತ ಬೈತಾರೆ, ಬರ್ಕೊಂಡು ಬನ್ನಿ. ನನಗೆ ತಪ್ಪುಗಳ ಪಟ್ಟಿ ಬೇಕು. ಸೋಮವಾರ ಬರಲಿಲ್ಲ ಅಂದ್ರೆ ಪದವಿ ಮುಂದಿನ ವರ್ಷ." ಈ 'ಮುಂದಿನ ವರ್ಷ' ಅವನ ಬಾಳಿನಲ್ಲಿ ಈಗಾಗಲೇ ಎರಡು ಸಲ ಬಂದು ಹೋಗಿತ್ತು.

ಆದ್ದರಿಂದ ಪ್ರಸೋಜೊ ಯುದ್ಧಕ್ಕೆ ಹೊರಟ ಸೇನಾಪತಿಯಂತೆ ಹದಿನಾಲ್ಕು ಪುಟದ ಯೋಜನೆ ಬರೆದ. ಎಂಟು ಕೆಲಸ, ಇಪ್ಪತ್ತು ಪ್ರಶ್ನೆ, ಪ್ರತಿ ಪ್ರಶ್ನೆಗೆ ಒಂದರಿಂದ ಐದರವರೆಗೆ ಅಂಕ, ಕೊರಳಿಗೊಂದು ಸ್ಟಾಪ್‌ವಾಚ್. ಶನಿವಾರ ಬೆಳಿಗ್ಗೆ ಓಣಿಯ ಹತ್ತು ಮಂದಿ ಹಿರಿಯರು ಇಸ್ತ್ರಿ ಮಾಡಿದ ಬಾತಿಕ್ ಅಂಗಿ ತೊಟ್ಟು, ಮದುವೆಗೆ ಬಂದವರಂತೆ ಚಾಪೆಯ ಮೇಲೆ ಕುಳಿತರು. ಬಂದವರಿಗೆ ಬರೀ ಟ್ಯಾಬ್ ಕೊಡಲಾಗುತ್ತದೆಯೇ? ಸೆಕಾರ್ ಬಿಸಿ ಬಿಸಿ ಸೋತೊ ಸಾರು, ಅನ್ನ, ಕರಿದ ಟೆಂಪೆ, ಸಿಹಿ ಚಹಾ ಬಡಿಸಿದಳು. ಎರಡನೆಯ ಸಲವೂ ಬಡಿಸಿದಳು. ಪರೀಕ್ಷೆ ಕೆಟ್ಟದ್ದು ಅಲ್ಲಿಯೇ.

ಮೊದಲು ಬಂದವರು ಪಕ್ಕದ ಮನೆಯ ಕರ್ಸೊನೊ, ಗೌರವಕ್ಕೆ ಎಲ್ಲರೂ 'ಪಾ' ಎನ್ನುವ ನಿವೃತ್ತ ಅಂಚೆಯವರು. ಅವರ ಬೆರಳು ಪರದೆಯ ಮೇಲೆ ಗಿಡುಗದ ಹಾಗೆ ಸುತ್ತಿತು, ಇಳಿಯಲಿಲ್ಲ. ಹಿರಿಯರು ಒದ್ದಾಡುವಾಗ ಕೈಕಟ್ಟಿ ಕೂರುವುದು ಯಾವ ಊರಿನ ಮರ್ಯಾದೆ? "ಇಲ್ಲಿ ಪಾ, ಇಲ್ಲಿ ಒತ್ತಿ" ಎಂದು ಪ್ರಸೋಜೊ ತಾನೇ ಒತ್ತಿದ. ಎಂಟು ಕೆಲಸವನ್ನೂ ತಾನೇ ಮಾಡಿದ. ಹತ್ತು ಮಂದಿಗೂ ಮಾಡಿದ.

"ಹೇಗಿತ್ತು ಪಾ? ಸಂಕೋಚ ಬೇಡ, ತಪ್ಪಿದ್ರೆ ಹೇಳಿ."

"ತಪ್ಪೇ? ಛೆ ಛೆ. ಬಹಳ ಚೆನ್ನಾಗಿದೆ ಮಾಸ್. ಸಾರೂ ಚೆನ್ನಾಗಿತ್ತು" ಎಂದರು ಅವರು; ಕಿರಿಯ ಗಂಡಸರನ್ನು ಅಲ್ಲಿ 'ಮಾಸ್' ಎಂದೇ ಕರೆಯುವುದು.

ಐದಕ್ಕೆ ಐದು. ಹತ್ತು ಮಂದಿ, ಇಪ್ಪತ್ತು ಪ್ರಶ್ನೆ, ಎಲ್ಲಕ್ಕೂ ಐದು! ಏಳನೆಯವರು ಅಂಕ ಕೊಡುವ ಹೊತ್ತಿಗೆ ಟ್ಯಾಬಿನ ಚಾರ್ಜು ಮುಗಿದು ಪರದೆ ಕಪ್ಪಾಗಿತ್ತು. ಪ್ರಸೋಜೊ ಚಾರ್ಜರ್ ತರುವಷ್ಟರಲ್ಲಿ ಆಕೆ ಕಪ್ಪು ಪರದೆಯನ್ನೇ ಭಕ್ತಿಯಿಂದ ನೋಡಿ, "ಬಣ್ಣ ಕಣ್ಣಿಗೆ ತಂಪಾಗಿದೆ" ಎಂದು ಐದು ಅಂಕ ಕೊಟ್ಟರು.

ಎಲ್ಲರೂ ಹೋದ ಮೇಲೆ ಪ್ರಸೋಜೊ ತಲೆಯ ಮೇಲೆ ಕೈ ಹೊತ್ತು ಕುಳಿತ. ಮಗುವಿನಂತೆ ಅತ್ತುಬಿಡುವುದೊಂದು ಬಾಕಿ.

"ಸಾವಿರಕ್ಕೆ ಸಾವಿರ ಅಂಕ ಬಂದಿದೆ, ಅಳೋದ್ಯಾಕೆ?" ಎಂದಳು ಸೆಕಾರ್.

"ಒಂದೇ ಒಂದು ತಪ್ಪು ಸಿಕ್ಕಿಲ್ಲ ಕಣೇ. ನಾನು ಫೇಲು."

"ನಂಗೆ ಕೇಳಿದ್ರೆ ಹೇಳ್ತಿದ್ದೆ. ನಮ್ಮನೆ ಅನ್ನ ಉಂಡು ನಮ್ಮ ಮುಖ ನೋಡ್ಕೊಂಡು ಯಾರು ಬೈತಾರೆ? ನಾಳೆ ಮತ್ತೆ ಕರೀರಿ. ಇದು ಬೇರೆ ಯಂತ್ರ, ಯಾರೋ ಜಕಾರ್ತಾದೋನು ಮಾಡಿದ್ದು ಅನ್ನಿ. ಊಟ ಆಮೇಲೆ. ನೀವು ಕೈ ಮಡಚಿ ಅದರ ಮೇಲೇ ಕೂತ್ಕೊಳ್ಳಿ."

ಭಾನುವಾರ ಜಕಾರ್ತಾದವನ ಗ್ರಹಚಾರ ಕೆಟ್ಟಿತು. ಪ್ರಸೋಜೊ ಕೈಗಳ ಮೇಲೆ ಕುಳಿತ. ಬರೆಯುವ ಕೆಲಸ ಸೆಕಾರಳದು.

"ಅಕ್ಷರ ಇರುವೆ ಗಾತ್ರ. ಕಣ್ಣಿನ ಡಾಕ್ಟರ ಹತ್ರ ಹೋಗೋಕೆ ಮೊದಲೇ ಒಳ್ಳೆ ಕಣ್ಣಿರಬೇಕೇನು?" ಎಂದರು ಒಬ್ಬರು.

"ಮಂಡಿನೋವು ಒತ್ತಿದ್ರೆ ಹೆರಿಗೆ ವಾರ್ಡಿನ ಚೀಟಿ ಕೊಡ್ತು. ನಂಗೆ ಎಪ್ಪತ್ತೊಂದು" ಎಂದರು ಪಾ ಕರ್ಸೊನೊ.

"ವಾಪಸ್ ಬರೋಕೆ ದಾರಿನೇ ಇಲ್ಲ. ಇದೇನು ಯಂತ್ರವೋ ಇಲಿಬೋನೋ?" ಎಂದರು ಇನ್ನೊಬ್ಬರು.

ಕೊನೆಗೆ ಬಂದ ಅತ್ತೆ, ಸೆಕಾರಳ ತಾಯಿ ಬು ಲಸ್ತ್ರಿ, ಕನ್ನಡಕ ಏರಿಸಿ ನಿಧಾನವಾಗಿ ನೋಡಿದರು. "ಇದನ್ನ ಮಾಡಿದೋನಿಗೆ ಮದುವೆ ಆಗಿದ್ಯಾ?"

"ಆಗಿದೆ ಅನ್ಸುತ್ತೆ" ಎಂದ ಪ್ರಸೋಜೊ ಕ್ಷೀಣವಾಗಿ.

"ಪಾಪ, ಯಾರ ಮನೆ ಮಗಳೋ" ಎಂದರು ಅವರು.

ಮೂವತ್ತೇಳು ತಪ್ಪುಗಳು! ಒಂದೊಂದೂ ಎದೆಗೆ ನಾಟಿತ್ತು, ಒಂದೊಂದೂ ನಿಜವಾಗಿತ್ತು. ನೋವಾಯಿತು, ಆದರೆ ಪದವಿ ಉಳಿಯಿತು. ನೆರೆಹೊರೆಗೆ ಸುಳ್ಳು ಹೇಳಿದ್ದು ಮಾತ್ರ ಅವನನ್ನು ಚುಚ್ಚುತ್ತಲೇ ಇತ್ತು. ಊಟ ಮುಗಿಸಿ ಹೊರಟ ಪಾ ಕರ್ಸೊನೊರನ್ನು ಗೇಟಿನ ತನಕ ಬಿಡಲು ಹೋದವನು ತಡೆಯಲಾರದೆ ಬಾಯಿಬಿಟ್ಟ.

"ಕ್ಷಮಿಸಬೇಕು ಪಾ. ಜಕಾರ್ತಾದೋನು ಅಂತ ಯಾರೂ ಇಲ್ಲ. ಅದನ್ನ ಮಾಡಿದ್ದು ನಾನೇ."

ಮುದುಕರು ಅವನ ಭುಜ ತಟ್ಟಿದರು. "ಗೊತ್ತು ಮಾಸ್. ಎಲ್ರಿಗೂ ಗೊತ್ತು. ಪರದೆಯ ಮೊದಲ ಪುಟದಲ್ಲೇ ನಿಮ್ಮ ಹೆಸರು ಇದೆಯಲ್ಲ. ನಿನ್ನೆ ನೀವು 'ಫೇಲು' ಅಂದಿದ್ದು ನಮ್ಮನೆಗೂ ಕೇಳಿಸ್ತು. ನಿಮ್ಮ ಓದು ನಿಲ್ಲಬಾರದು ಅಂತ ಧೈರ್ಯ ಮಾಡಿ ಬಾಯಿ ಬಿಟ್ವಿ."

ಪ್ರಸೋಜೊನ ಕಣ್ಣು ತುಂಬಿ ಬಂತು. "ಏನಂತ ಹೇಳಲಿ ಪಾ, ನನಗೋಸ್ಕರ ಇಷ್ಟೊಂದು ತಪ್ಪು ಹುಡುಕಿದ್ರಿ."

ಪಾ ಕರ್ಸೊನೊ ಚಪ್ಪಲಿ ಮೆಟ್ಟುತ್ತ ನಾಚಿಕೊಂಡರು.

"ಏನೋ ಮಾಸ್, ಎಷ್ಟಾದ್ರೂ ನೀವು ನಮ್ಮೋರು. ದಾಕ್ಷಿಣ್ಯಕ್ಕೆ ಅರ್ಧ ಮಾತ್ರ ಹೇಳಿದ್ವಿ."